ಬಾಸಿನ ಎದುರಿಗೆ ಪಕ್ಷೇತರ

ಬೇರೆಯವರ ಮನೆಗೆ ತಾಪತ್ರಯ ಹೊರಗಿನಿಂದ ಬರುತ್ತೆ, ನಮ್ಮನೆಗೆ ಯಜಮಾನ್ರ ಬಾಯಿಂದ ಬರುತ್ತೆ. ನೈರೋಬಿಗೆ ಬಂದಮೇಲಾದ್ರೂ ನಿಲ್ಲುತ್ತೆ ಅಂದ್ಕೊಂಡಿದ್ದೆ. ಎಲ್ಲಿ! ಹೋದ ವರ್ಷ ಇವರು ಇಲ್ಲಿನ ನಮ್ಮ ಕನ್ನಡ ಸಂಘದ ಚುನಾವಣೆಗೆ ನಿಂತಿದ್ರಲ್ಲ, ಅದನ್ನ ನೆನೆಸ್ಕೊಂಡ್ರೆ ಈಗಲೂ ನನ್ನ ಕಣ್ಣು ಸೂಟ್‌ಕೇಸುಗಳ ಕಡೆ ಹೋಗುತ್ತೆ.

೧. ಇರಲಾರದೆ ಇರುವೆ ಬಿಟ್ಕೊಂಡಿದ್ದು

ನಮ್ಮ ಸಂಘದಲ್ಲಿ ಚುನಾವಣೆ ಅಂದ್ರೆ ಹೆಸರಿಗೆ ಮಾತ್ರ. ಹಿರಿಯರು ನಾಲ್ಕು ಜನ ಸೇರಿ ಒಂದು ಪ್ಯಾನಲ್ ಮಾಡ್ತಾರೆ, ಹೆಸರು ಓದ್ತಾರೆ, ನಾವು ಚಪ್ಪಾಳೆ ತಟ್ಟಿ ಬಿಸಿಬೇಳೆಬಾತಿಗೆ ಸಾಲು ನಿಲ್ತೀವಿ. ಹೋದ ಯುಗಾದಿ ಊಟದ ದಿನ ನಮ್ಮನೆಯವರು ಎದ್ದು ನಿಂತ್ಬಿಟ್ರು. "ಲೆಕ್ಕ ನೋಡೋ ಆಡಿಟರೂ ಪ್ಯಾನಲ್ಲಿನವರೇ ಆದ್ರೆ, ಪರೀಕ್ಷೆ ಬರೆದವನೇ ಪೇಪರ್ ತಿದ್ದಿದ ಹಾಗಲ್ವೇ?" ಅಂದ್ರು. ಔಷಧಿ ಫ್ಯಾಕ್ಟರೀಲಿ ಇವರದ್ದು ಕ್ವಾಲಿಟಿ ನೋಡೋ ಕೆಲಸ. ತಪ್ಪು ಹುಡುಕದೆ ನನ್ನ ಸಾರನ್ನೂ ಬಿಡೋರಲ್ಲ. ಹಸಿದಿದ್ದ ಯಾರೋ ಹಿಂದಿನಿಂದ, "ಹಾಗಾದ್ರೆ ಈ ಸಲ ನೀವೇ ನಿಲ್ಲಿ ಸಾರ್!" ಅಂತ ಕೂಗಿದ್ರು. "ನಿಲ್ತೀನಿ, ಪಕ್ಷೇತರನಾಗಿ ನಿಲ್ತೀನಿ!" ಅಂದೇಬಿಟ್ರು ಇವರು.

ವಾರ ಕಳೆದ ಮೇಲೆ ಪ್ಯಾನಲ್ಲಿನ ಪಟ್ಟಿ ವಾಟ್ಸಾಪಲ್ಲಿ ಬಂತು. ಇವರು ನಿಂತಿದ್ದ ಆಡಿಟರ್ ಹುದ್ದೆಗೆ ಯಾರು? ಇವರ ಫ್ಯಾಕ್ಟರಿಯ ಜನರಲ್ ಮ್ಯಾನೇಜರ್, ಸಾಕ್ಷಾತ್ ಇವರ ಬಾಸ್! ಎಷ್ಟೋ ವರ್ಷದಿಂದ ಅವರೇ ಆಡಿಟರು, ಈ ಸಲ ಬಿಡ್ತಾರೆ ಅಂತ ಸುದ್ದಿ ಇತ್ತು, ಬಿಟ್ಟಿರಲಿಲ್ಲ. ಅದೇ ಬಾಸಿನ ಮೇಜಿನ ಮೇಲೆ ಇವರ ಕಾಂಟ್ರಾಕ್ಟ್ ಮುಂದುವರಿಸೋ ಕಾಗದ ಸಹಿಗೆ ಕಾಯ್ತಾ ಬಿದ್ದಿತ್ತು. ಆ ಸಹಿ ಬಿದ್ರೆ ವರ್ಕ್ ಪರ್ಮಿಟ್ಟು, ಮಗಳ ಸ್ಕೂಲು, ಪಂಗಾನಿ ಬಡಾವಣೆಯ ನಮ್ಮ ಮನೆ ಎಲ್ಲ ಉಳಿಯುತ್ತೆ. ಬೀಳದಿದ್ರೆ ಗಂಟುಮೂಟೆ ಕಟ್ಟೋದೇ.

"ರೀ, ಕೈ ಮುಗೀತೀನಿ, ವಾಪಸ್ ತಗೊಳ್ಳಿ," ಅಂದೆ.

"ಹೆದರಿ ಹಿಂದೆ ಸರಿದ ಅಂತಾರೆ ಕಣೆ."

"ಅನ್ನಲಿ ಬಿಡಿ. ನಿಜ ತಾನೇ?"

"ಹೆದರಿರೋದು ನೀನು, ನಾನಲ್ಲ," ಅಂದವರೇ ಒಂದು ಕಾಲಿಗೆ ಕರಿ ಸಾಕ್ಸು, ಇನ್ನೊಂದಕ್ಕೆ ಮಗಳ ಗುಲಾಬಿ ಸಾಕ್ಸು ಹಾಕ್ಕೊಂಡು ಫ್ಯಾಕ್ಟರಿಗೆ ಹೊರಟ್ರು.

೨. ಗುಪ್ತ ಅನುಮೋದಕ

ನಾಮಪತ್ರಕ್ಕೆ ಒಬ್ಬ ಸೂಚಕರು, ಒಬ್ಬ ಅನುಮೋದಕರು ಬೇಕು. ಸೂಚಕಿ ನಾನೇ. ಕಟ್ಕೊಂಡ ಮೇಲೆ ಇನ್ನೇನು ಮಾಡೋದು! ಅನುಮೋದಿಸೋಕೆ ಮಾತ್ರ ಯಾರೂ ಸಿಗಲಿಲ್ಲ. ಒಬ್ಬರು ಊರಿಗೆ ಹೊರಟಿದ್ರು, ಇನ್ನೊಬ್ಬರಿಗೆ ಸಹಿ ಹಾಕೋ ಕೈಯೇ ಉಳುಕಿತ್ತು. ಕೊನೆಗೆ ಇವರ ಫ್ಯಾಕ್ಟರಿಯ ಒಬ್ಬ ಇಂಜಿನಿಯರ್ ಮನೆಗೆ ಬಂದು, "ಒಬ್ಬರಾದ್ರೂ ಧೈರ್ಯ ಮಾಡ್ಬೇಕು ಸಾರ್!" ಅಂತ ಮೇಜು ಗುದ್ದಿ ಸಹಿ ಹಾಕಿದ್ರು. ನನಗೂ ಸ್ವಲ್ಪ ಜೀವ ಬಂತು. ಗೇಟಿನ ತನಕ ಹೋದವರು ತಿರುಗಿ ಬಂದ್ರು.

"ಸಾರ್, ಒಂದೇ ಒಂದು ರಿಕ್ವೆಸ್ಟು. ಅನುಮೋದಿಸಿದ್ದು ಯಾರು ಅಂತ ಯಾರಿಗೂ ಗೊತ್ತಾಗ್ಬಾರದು."

"ಅದನ್ನ ಸಭೇಲಿ ಗಟ್ಟಿಯಾಗಿ ಓದ್ತಾರಲ್ರೀ!"

"ಓದಲಿ ಸಾರ್. ನನ್ನ ಹೆಸರು ಬಂದಾಗ ನೀವು ಸ್ವಲ್ಪ ಜೋರಾಗಿ ಕೆಮ್ಮಿಬಿಡಿ."

೩. ಗೇಟಿನಲ್ಲಿ ಸನ್ಮಾನ

ಪ್ರಚಾರಕ್ಕೆ ಅಂತ ಹರ್ಲಿಂಗ್‌ಹ್ಯಾಮಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದ ಸಂಘದ ಸದಸ್ಯರೊಬ್ಬರ ಮನೆಗೆ ಹೋದ್ವಿ. ಗೇಟಲ್ಲಿ ಕಾವಲಿದ್ದ ಅಸ್ಕಾರಿ ಯಾಕೆ ಬಂದ್ರಿ ಅಂತ ಕೇಳಿದ. ಸ್ನೇಹಿತರ ಮನೆ ಅಂದಿದ್ರೆ ಮುಗೀತಿತ್ತು. ಇವರು ಎದೆ ಸೆಟೆಸಿ, "ಕ್ಯಾಂಪೇನ್! ಐ ಆಮ್ ಎ ಕ್ಯಾಂಡಿಡೇಟ್!" ಅಂದ್ರು.

ಅವನು ಅಟೆನ್ಷನ್ ನಿಂತು ಸೆಲ್ಯೂಟ್ ಹೊಡೆದ. "ಕರಿಬು, ಮ್ಹೆಶಿಮಿವಾ!"

ಇಲ್ಲಿ ಮಂತ್ರಿಗಳನ್ನ, ಎಂಪಿಗಳನ್ನ ಹಾಗೆ ಕರೆಯೋದು, ನಮ್ಮಲ್ಲಿ ಬನ್ನಿ ಮಾನ್ಯರೇ ಅಂದ ಹಾಗೆ. ಇವರ ಮುಖ ನೋಡ್ಬೇಕಿತ್ತು! ಅಷ್ಟರಲ್ಲಿ ಕಾರು ತೊಳೀತಿದ್ದವರೂ ಬಂದು ಸೇರಿದ್ರು. ಒಬ್ಬ ನಮ್ಮ ಹಳೇ ಕಾರಿನ ಹಿಂದೆ ಬೇರೆ ಗಾಡಿಗಳು ಬರ್ತಿವೆಯಾ ಅಂತ ಬಗ್ಗಿ ನೋಡಿದ, ಇನ್ನೊಬ್ಬ ಟೀ ಶರ್ಟ್ ಎಲ್ಲಿ ಅಂದ. ಟೀ ಶರ್ಟ್ ಇಲ್ಲ ಅಂದ್ರು. ಮೈಕು, ಹಾಡು, ಡ್ಯಾನ್ಸು? ಯಾವುದೂ ಇಲ್ಲ. ಕೊನೆಗೆ ಸೋಡಾನೂ ಇಲ್ವಾ ಅಂತ ಕೇಳಿ ಅಸ್ಕಾರಿ ಸುಸ್ತಾದ. ನನ್ನ ಕಡೆ ತಿರುಗಿ, "ಮ್ಯಾಡಮ್, ಈ ಸಲ ಇವರು ಮನೇಲೇ ಇರಲಿ," ಅಂದ.

ಮನೇಲಿ ನಾನು ಬಡ್ಕೊಳ್ತಿದ್ದದ್ದೂ ಅದನ್ನೇ. "ಅಸಾಂಟೆ ಸಾನಾ, ತುಂಬಾ ಉಪಕಾರ ಆಯ್ತು ತಂದೆ," ಅಂದೆ.

೪. ದೇವರ ಮನೇಲಿ ಅಭ್ಯರ್ಥಿ

ಮೇಲೆ ಹೋದ್ರೆ ಆ ಮನೆಯವರದ್ದು ಭಾರೀ ಉಪಚಾರ. "ನಿಮಗಲ್ದೆ ಇನ್ಯಾರಿಗೆ ಸಾರ್ ನಮ್ಮ ವೋಟು!" ಅಂತ ಉಪ್ಪಿಟ್ಟಿನ ತಟ್ಟೆ ಕೈಗಿಟ್ರು. ಎರಡು ತುತ್ತು ತಿಂದಿರಬೇಕು, ಕೆಳಗಿನಿಂದ ಫೋನ್ ಬಂತು. ಪ್ಯಾನಲ್ಲಿನ ಅಧ್ಯಕ್ಷರು ಮೇಲೆ ಬರ್ತಿದಾರಂತೆ! ಆ ಮನೆಯವರ ಮುಖ ಸುಣ್ಣ ಬಳಿದ ಹಾಗಾಯ್ತು. "ಅಕ್ಕಾ, ಎರಡೇ ನಿಮಿಷ, ತಪ್ಪು ತಿಳ್ಕೋಬೇಡಿ," ಅಂತ ತಟ್ಟೆ ಸಮೇತ ನಮ್ಮಿಬ್ಬರನ್ನೂ ದೇವರ ಮನೆಗೆ ತಳ್ಳಿ ಬಾಗಿಲು ಹಾಕಿದ್ರು. ಅದೇನು ದೇವರ ಮನೆಯೋ, ಸ್ಟೋರ್ ರೂಮೋ! ಈ ಕಡೆ ವೆಂಕಟರಮಣ, ಆ ಕಡೆ ಅಕ್ಕಿ ಮೂಟೆ, ನಡುವೆ ನಾವು.

ಹೊರಗೆ ಅಧ್ಯಕ್ಷರ ದನಿ: "ನಮ್ಮ ಆಡಿಟರಿಗೆ ತಾನೇ ನಿಮ್ಮ ವೋಟು?"

"ನಿಮಗಲ್ದೆ ಇನ್ಯಾರಿಗೆ ಸಾರ್ ನಮ್ಮ ವೋಟು!"

ಇವರ ಮೂಗಿನ ಹೊಳ್ಳೆ ಅರಳಿತು. ಈಗ ಬಾಗಿಲು ಒದ್ದು ಆಚೆ ಹೋಗ್ತಾರೆ, ಜಗಳ ಆಗುತ್ತೆ, ಬೆಳಗಾಗೋದ್ರೊಳಗೆ ಬಾಸಿಗೆ ಸುದ್ದಿ ಮುಟ್ಟುತ್ತೆ, ನಮ್ಮ ಕಥೆ ಮುಗೀತು ಅಂತ ಇವರ ತೋಳು ಗಟ್ಟಿಯಾಗಿ ಹಿಡ್ಕೊಂಡೆ. ಇವರು ನನ್ನ ಕಿವಿ ಹತ್ರ ಬಗ್ಗಿ ಪಿಸುಗುಟ್ಟಿದ್ರು.

"ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಕಣೆ."

೫. ಹಲ್ಲು ಕಾಣಿಸ್ತಾ?

ಬಾಸ್ ಮಾತ್ರ ತುಟಿ ಬಿಚ್ಚಿರಲಿಲ್ಲ. ಅದೇ ನನಗೆ ಭಯ. ಒಂದು ದಿನ ಇವರು ಮನೆಗೆ ಬಂದು ಶೂ ಬಿಚ್ತಾ, "ಇವತ್ತು ಬಾಸ್ ಪ್ರಚಾರ ಹೇಗೆ ನಡೀತಿದೆ ಅಂತ ಕೇಳಿದ್ರು," ಅಂದ್ರು.

"ನಗ್ತಾ ಕೇಳಿದ್ರಾ?"

"ಹ್ಞೂಂ."

"ಹಲ್ಲು ಕಾಣಿಸ್ತಾ?"

"ನಾನೇನು ಡೆಂಟಿಸ್ಟಾ? ಚೆನ್ನಾಗಿ ನಡೆಸಿ, ಅರ್ಧಕ್ಕೆ ಬಿಡಬೇಡಿ ಅಂದ್ರು."

"ಕಾಂಟ್ರಾಕ್ಟ್ ವಿಷಯ?"

"ಚುನಾವಣೆ ಮುಗೀಲಿ, ಆಮೇಲೆ ನೋಡೋಣ ಅಂದ್ರು."

ಇನ್ನೇನು ಉಳೀತು? ಸೂಟ್‌ಕೇಸುಗಳನ್ನ ಇಳಿಸಿ ಧೂಳು ಒರೆಸೋಕೆ ಕೂತೆ. ಮಗಳು ಓಡಿ ಬಂದಳು. "ಅಮ್ಮಾ, ಆರ್ ವಿ ಗೋಯಿಂಗ್ ಆನ್ ಹಾಲಿಡೇ?"

"ಹ್ಞೂಂ ಕಣೆ, ನಿಮ್ಮಪ್ಪನ ದಯೆ, ಪರ್ಮನೆಂಟ್ ಹಾಲಿಡೇ."

೬. ಕೈ ಎತ್ತಿದವರು

ಚುನಾವಣೆಯ ದಿನ ಬಂತು. ಸ್ಪರ್ಧೆ ಅಂತ ಒಂದು ನಡೆದಿದ್ದೇ ಇಲ್ಲ, ಹಾಗಾಗಿ ಮತಪೆಟ್ಟಿಗೆ ಮಾಡಿಸಬೇಕು ಅಂತ ಯಾರಿಗೂ ಹೊಳೆದೇ ಇರಲಿಲ್ಲ. ಚುನಾವಣಾಧಿಕಾರಿಯಾಗಿದ್ದ ಹಿರಿಯರು, "ಕೈ ಎತ್ತಿಸಿಬಿಡೋಣ," ಅಂದ್ರು. ಮುಗೀತಲ್ಲ! ಸಭೆಯಲ್ಲಿ ಅರ್ಧ ಜನ ನಮ್ಮ ಫ್ಯಾಕ್ಟರಿಯವರೇ, ಮುಂದಿನ ಸಾಲಲ್ಲೇ ಬಾಸ್. ಯಾರಿಗಿದೆ ಎರಡು ತಲೆ?

ಮೊದಲು ನಮ್ಮನೆಯವರ ಹೆಸರು ಕರೆದ್ರು. ಒಂದು ಕೈಯೂ ಏಳಲಿಲ್ಲ. ನಾನು ಕೈಯನ್ನ ಕಿವಿ ತನಕ ಎತ್ತಿ ನಿಲ್ಲಿಸ್ಕೊಂಡೆ, ಯಾರಾದ್ರೂ ನೋಡಿದ್ರೆ ಮುಡಿದ ಹೂವು ಸರಿಮಾಡ್ಕೊಳ್ಳೋ ಹಾಗೆ.

ಆಗ ಮುಂದಿನ ಸಾಲಲ್ಲಿ ಒಂದು ಕೈ ನೆಟ್ಟಗೆ ಮೇಲೆ ಹೋಯ್ತು. ಬಾಸಿನ ಕೈ!

ಬಾಸ್ ಎತ್ತಿದ ಮೇಲೆ ಫ್ಯಾಕ್ಟರಿಯವರು ಸುಮ್ಮನಿರ್ತಾರಾ? ಪ್ರೊಡಕ್ಷನ್ನು, ಪ್ಯಾಕಿಂಗು, ಸ್ಟೋರ್ಸು, ಡಿಪಾರ್ಟ್‌ಮೆಂಟ್ ಡಿಪಾರ್ಟ್‌ಮೆಂಟೇ ಎತ್ತಿತು. ಉಪ್ಪಿಟ್ಟಿನ ಮನೆಯವರಂತೂ ಎರಡೂ ಕೈ ಎತ್ತಿದ್ರು.

ಆಮೇಲೆ ಬಾಸಿನ ಹೆಸರು ಕರೆದ್ರು. ಇಡೀ ಸಭೇಲಿ ಒಂದೇ ಒಂದು ಕೈ ಮೇಲಿತ್ತು. ನಮ್ಮ ಯಜಮಾನ್ರದ್ದು! ನಾನು ಶರ್ಟು ಹಿಡಿದು ಜಗ್ಗಿದೆ. "ರೀ, ಅವರು ನಿಮ್ಮ ಎದುರಾಳಿ ಕಣ್ರೀ!"

"ಸುಮ್ನಿರೇ, ಕಾಂಟ್ರಾಕ್ಟು, ಕಾಂಟ್ರಾಕ್ಟು!" ಅಂತ ಹಲ್ಲು ಕಚ್ಚಿ ಅಂದ್ರು. ಹೆದರಿದ್ದು ಯಾರು ಅಂತ ಆಗ ಗೊತ್ತಾಯ್ತು.

ಊಟದ ಹೊತ್ತಿಗೆ ಬಾಸ್ ತಟ್ಟೆ ಹಿಡ್ಕೊಂಡು ನಮ್ಮ ಕಡೆಗೇ ಬಂದ್ರು. ಇವರು ನನ್ನ ಬೆನ್ನ ಹಿಂದೆ ಸರಿದ್ರು. ನಾನೇ, "ಸಾರ್, ಏನೂ ಮನಸ್ಸಿಗೆ ಹಚ್ಕೋಬೇಡಿ," ಅಂತ ತೊದಲಿದೆ.

"ಹಚ್ಕೊಳ್ಳೋದಾ? ಎಷ್ಟು ವರ್ಷದಿಂದ ಬೇಡ ಬೇಡ ಅಂದ್ರೂ ಬೇರೆ ಯಾರೂ ಇಲ್ಲ ಅಂತ ನನ್ನನ್ನೇ ಕೂರಿಸ್ತಿದ್ರು. ಈ ಸಲ ನಿಮ್ಮೆಜಮಾನ್ರು ದೇವರ ಹಾಗೆ ಬಂದ್ರು ನೋಡಿ! ನಾಳೆಯೇ ಕಾಂಟ್ರಾಕ್ಟಿಗೆ ಸಹಿ ಹಾಕ್ತೀನಿ. ಎರಡು ವರ್ಷಕ್ಕಲ್ಲ, ಐದು ವರ್ಷಕ್ಕೆ."

ನನಗೆ ಕಣ್ಣು ತುಂಬಿಬಂತು. "ಅಷ್ಟೊಂದು ಯಾಕೆ ಸಾರ್?" ಅಂದೆ.

ಬಾಸ್ ಅತ್ತಿತ್ತ ನೋಡಿ ದನಿ ತಗ್ಗಿಸಿದ್ರು. "ಇವರು ಊರಿಗೆ ಹೊರಟುಹೋದ್ರೆ ಈ ಆಡಿಟರ್ ಕೆಲಸ ತಿರುಗಿ ನನ್ನ ಕುತ್ತಿಗೆಗೇ ಬೀಳುತ್ತಲ್ಲಮ್ಮಾ!"