ನಮ್ಮ ಗೋಡೆಯ ಮೇಲಿನ ಹೊಸ ಲಿಪಿ

ಬಮ್ಮಿಗಟ್ಟಿ, 1984

ಹೊಸ ಅಕ್ಷರಗಳ ಜನಕರೂ ತಂಬೂರು ಶಾಲೆಯ ನಿವೃತ್ತ ಡ್ರಾಯಿಂಗ್ ಮಾಸ್ತರರೂ ಆದ ಮಾನ್ಯ ಗುರುಶಾಂತಪ್ಪನವರೇ,

ತಮ್ಮ ಕುಂಚಕ್ಕೂ ತಮಗೂ ಸಾಷ್ಟಾಂಗ ನಮಸ್ಕಾರ. ‘ಆಸ್ ಐ ಆಮ್ ಸಫರಿಂಗ್ ಫ್ರಮ್’ ಎಂದು ಕಾಲೇಜಿನಲ್ಲಿ ರಜೆ ಅರ್ಜಿ ಬರೆಯುತ್ತಿದ್ದೆ. ಮುಂದಿನದು ಮರೆತಿದೆ, ಸದ್ಯಕ್ಕೆ ‘ವಾಲ್’, ಅಂದರೆ ಗೋಡೆ, ಎಂದು ಓದಿಕೊಳ್ಳಬೇಕು.

ನಮ್ಮ ಹಳ್ಳಿಗಳ ಮಾತು ಪುಸ್ತಕದ ಅಕ್ಷರಗಳಿಗೆ ಸಿಗುವುದಿಲ್ಲವೆಂದು ತಾವು ಕುಡುಗೋಲು, ನೊಗ, ಕುಂಟೆಗಳ ಆಕಾರದಲ್ಲಿ ಹೊಸ ಲಿಪಿಯನ್ನೇ ಕಟ್ಟಿದಿರಿ. ಪ್ರಚಾರಕ್ಕೆ ನನ್ನ ಗೋಡೆಯನ್ನೇ ಆರಿಸಿದ್ದು ನನ್ನ ಪುಣ್ಯ. ಆದರೆ ಗುಡಿಯ ಗೋಡೆಗೆ ಬಳಿಯುವ ಕೆಮ್ಮಣ್ಣು, ಸುಣ್ಣದಲ್ಲೇ ಬರೆದಿರಲ್ಲ, ಮರುದಿನ ಮುಂಜಾನೆ ಬಾಜುಮನೆಯ ದುರಗವ್ವ ಅದಕ್ಕೆ ಕುಂಕುಮ ಹಚ್ಚಿದಳು, ವಾರದೊಳಗೆ ತೆಂಗಿನಕಾಯಿಯೂ ಒಡೆಯಿತು. ಹೆಂಡತಿ ತೀರಿಕೊಂಡ ಮೇಲೆ ನನಗೆ ಮಾತಿಗೆ ಸಿಗುವವರೆಂದರೆ ಆ ಗೋಡೆಗೆ ಹೊಂದಿದ ಕಟ್ಟೆಯ ಮೇಲೆ ಕೂತಾಗ ಮುಂದೆ ಹಾಯುವವರೇ. ಈಗ ಕೂತರೆ, “ಏಳ್ರಿ ಕಾಕಾ, ದೇವರಿಗೆ ಬೆನ್ನ ಹಚ್ಚಿ ಕುಂಡ್ರತೀರೇನು?” ಎನ್ನುತ್ತಾರೆ, ಹಾಯುವವರು ಗೋಡೆಗೆ ಕೈಮುಗಿದು, ನನ್ನ ಜೊತೆ ಒಂದು ಮಾತೂ ಆಡದೆ ಹೋಗುತ್ತಾರೆ.

ಆ ಅಕ್ಷರಗಳ ಮೇಲೆ ಸುಣ್ಣ ಬಳಿಯಲು ಬಣ್ಣದ ಕೆಲಸದ ನಿಜಾಮಸಾಬನನ್ನು ಕರೆಸಿದರೆ, “ನಿಮ್ಮ ದೇವ್ರು, ನಿಮ್ಮ ಗ್ವಾಡಿ, ನೀವ ಬಳೀರಿ” ಎಂದು ಕುಂಚ ನನ್ನ ಕೈಗಿತ್ತು ಚಹಾ ಕುಡಿದು ಹೋದ. ದುರಗವ್ವ ನೋಡುತ್ತ ನಿಂತಿದ್ದಳು. ನನಗೂ ಧೈರ್ಯ ಬರಲಿಲ್ಲ. ಏನು ಬರೆದಿದ್ದೀರೆಂದು ಬರೆದ ದಿನವೇ ಕೇಳಿದ್ದಕ್ಕೆ, ತಾವು ಕತ್ತು ಆ ಕಡೆ ಈ ಕಡೆ ಹೊರಳಿಸಿ ನೋಡಿ, “ಊರಿಗೆ ಹೋಗಿ ತಿಳಸ್ತೇನ್ರಿ” ಎಂದು ಬಸ್ ಹತ್ತಿದಿರಿ. ಬರೆದವರಿಗೂ ಓದಲು ಬಾರದಷ್ಟು ಗಹನವಾದ ಲಿಪಿ ನಮ್ಮ ತಾಲೂಕಿನಲ್ಲಿ ಹುಟ್ಟಿದ್ದು ಹೆಮ್ಮೆಯ ಸಂಗತಿಯೇ!

ಆದ್ದರಿಂದ ಸವಿನಯ ವಿನಂತಿ: ‘ಇದು ದೇವರಲ್ಲ’ ಎಂಬ ಅರ್ಥದ, ಕಂಡ ಕೂಡಲೇ ಯಾರೂ ಕೈಮುಗಿಯದಂಥ ಒಂದೇ ಒಂದು ಅಕ್ಷರವನ್ನು ಸೃಷ್ಟಿಸಿ, ಖುದ್ದಾಗಿ ಬಂದು ಬರೆಯಬೇಕು, ಆಗದಿದ್ದರೆ ನನಗೊಂದು ಬೇರೆ ಕಟ್ಟೆ, ಅದರ ಮುಂದೆ ಹಾಯಲು ಒಂದಿಷ್ಟು ಜನ, ಎರಡನ್ನೂ ಒದಗಿಸಬೇಕು.

ಸ್ವಂತ ಗೋಡೆಗೆ ಬೆನ್ನು ಕೊಡಲಾಗದ,
ತಮ್ಮ ವಿಶ್ವಾಸಿ,
ಹೊಳೆಪ್ಪ

ತಾ.ಕ.: ನಿನ್ನೆ ಇಷ್ಟು ಬರೆದು ಟಪಾಲಿಗೆ ಹಾಕುವಷ್ಟರಲ್ಲಿ ದುರಗವ್ವ, “ಕಾಲೇಜ ಕಲತೀರಿ, ಗ್ವಾಡಿ ಮ್ಯಾಲಿಂದು ಓದಿ ಹೇಳ್ರಿ” ಎಂದು ಗಂಟುಬಿದ್ದಳು. ‘ಈ ಕಟ್ಟೆಯ ಮೇಲೆ ಕೂಡುವ ವಿಧುರನನ್ನು ಮಾತಾಡಿಸಿ, ಬಿಸಿ ರೊಟ್ಟಿ ನೀಡಬೇಕು’ ಎಂದು ಓದಿಬಿಟ್ಟೆ. ಇಂದು ಮೂರು ಮನೆಯವರು ರೊಟ್ಟಿ ತಂದು, ಗಂಟೆಗಟ್ಟಲೆ ಹರಟಿ ಹೋದರು. ಅಳಿಸುವ ಅವಸರವೇನಿಲ್ಲ. ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ. ತಾವು ಏನು ಬೇಕಾದರೂ ಬರೆಯಿರಿ, ನಾನು ಅದನ್ನು ಬದನೆಕಾಯಿ ಎಣ್ಣಿಗಾಯಿ ಎಂದೇ ಓದುತ್ತೇನೆ.