ಮುನೀಂದ್ರನ ವನ್ಯಜೀವಿ ದಿಗ್ವಿಜಯ

ದೊಡ್ಡಬಳ್ಳಾಪುರದ ಮುನೀಂದ್ರ ಪ್ರಪಂಚದ ಕಾಡುಪ್ರಾಣಿಗಳನ್ನೆಲ್ಲ ಖುದ್ದಾಗಿ ಕಂಡು ಬರಬೇಕೆಂದು ತೀರ್ಮಾನಿಸಿದ್ದು ಒಂದು ಭಾನುವಾರ ಮಧ್ಯಾಹ್ನ, ಕೋಳಿಸಾರಿನಲ್ಲಿ ಎರಡನೇ ಮುದ್ದೆ ಮುರಿಯುತ್ತಿದ್ದಾಗ. ಎದುರಿಗೆ ಟಿವಿಯಲ್ಲಿ ಒಂದು ಸಿಂಹ ಜೀಬ್ರಾದ ಸೊಂಟ ಮುರಿಯುತ್ತಿತ್ತು. ಇಬ್ಬರ ದವಡೆಯೂ ಒಂದೇ ತಾಳದಲ್ಲಿ ಆಡುತ್ತಿದ್ದುದರಿಂದಲೋ ಏನೋ, ಮುನೀಂದ್ರನಿಗೆ ಆ ಸಿಂಹದ ಮೇಲೆ ಎಂಥದೋ ಬಂಧುಪ್ರೀತಿ ಉಕ್ಕಿಬಂತು.

"ಪ್ರಮೋದಾ, ಪಾಸ್‌ಪೋರ್ಟ್ ಎಲ್ಲಿಟ್ಟಿದೀಯ?"

"ಬೀರುನಲ್ಲಿ, ಸೀರೆ ಕೆಳಗೆ. ಯಾಕ್ರೀ?"

"ಇಬ್ರೂ ವರ್ಲ್ಡ್ ಟೂರ್ ಹೋಗ್ತಾ ಇದೀವಿ. ಸಿಂಹ, ಗೊರಿಲ್ಲಾ, ಹಿಮಕರಡಿ, ಪೆಂಗ್ವಿನ್, ಕಾಂಗರೂ. ಒಂದನ್ನೂ ಬಿಡಲ್ಲ!"

"ಮೊದ್ಲು ಆ ಮುದ್ದೆ ಬಿಡಿ. ಡಾಕ್ಟ್ರು ಒಂದೇ ಅಂತ ಹೇಳಿದಾರೆ."

ಮುನೀಂದ್ರ ಪವರ್‌ಲೂಮ್ ಮಗ್ಗಗಳ ಯಜಮಾನ. ಅವನ ಆತ್ಮವಿಶ್ವಾಸ ಪೇಟೆಗೆಲ್ಲ ಹೆಸರುವಾಸಿ. ತಾನು ಕಾಲೇ ಇಡದ ಊರಿಗೂ ಯಾರಾದರೂ ದಾರಿ ಕೇಳಿದರೆ ಕೈ ಚಾಚಿ ಹೇಳಿಬಿಡುತ್ತಿದ್ದ. (ಅವನ ಮಾತು ನಂಬಿ ನೆಲಮಂಗಲಕ್ಕೆ ಹೊರಟವರೊಬ್ಬರು ಹೊಸಕೋಟೆಯಿಂದ ಫೋನ್ ಮಾಡಿದ್ದುಂಟು.) ಅಂಥವನು ಸಂಜೆಯೊಳಗೆ ಗೋಡೆಯಷ್ಟಗಲದ ಪ್ರಪಂಚದ ನಕಾಶೆ ತಂದು ಹಾಲ್‌ನಲ್ಲಿ ಅಂಟಿಸಿಯೇಬಿಟ್ಟ. ಕೆಂಪು ಪೆನ್ನಿನಿಂದ ಐದು ಜಾಗಗಳಿಗೆ ಸುತ್ತು ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತ. ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಗೂ ಅವನಿಗೂ ಇದ್ದ ವ್ಯತ್ಯಾಸ ಪಟ್ಟೆಪಟ್ಟೆಯ ಬರ್ಮುಡಾ ಒಂದೇ.

ಪ್ರಮೋದಾ ಸೊಪ್ಪು ಬಿಡಿಸುತ್ತ ನಕಾಶೆ ನೋಡಿದಳು. "ಮೇಲ್ಗಡೆ ಬೆಳ್ಳಗಿದ್ಯಲ್ಲ, ಅದೇನ್ರೀ?"

"ಉತ್ತರ ಧ್ರುವ. ಹಿಮಕರಡಿ ಇರೋದು ಅಲ್ಲೇ."

"ಡಿಸೆಂಬರ್‌ನಲ್ಲಿ ಘಾಟಿ ದೇವಸ್ಥಾನಕ್ಕೆ ಹೋಗ್ಬಂದು ವಾರಗಟ್ಲೆ ಮಫ್ಲರ್ ಬಿಚ್ಚಲಿಲ್ಲ ನೀವು. ಸ್ನಾನಕ್ಕೂ ಹಾಕ್ಕೊಂಡೇ ಹೋಗಿದ್ರಿ."

ಉತ್ತರ ಧ್ರುವ ಕೈಬಿಟ್ಟುಹೋಯಿತು.

"ಸರಿ, ಪೆಂಗ್ವಿನ್ ನೋಡೋಣ. ಹಡಗಲ್ಲಿ ಆರಾಮಾಗಿ ಹೋಗ್ಬಹುದು."

"ರಂಗನತಿಟ್ಟಲ್ಲಿ ದೋಣಿ ಒಂಚೂರು ಅಲ್ಲಾಡಿದ್ದಕ್ಕೆ ಹುಟ್ಟು ಹಾಕೋನ ಸೊಂಟ ತಬ್ಕೊಂಡಿದ್ರಿ. ಪಾಪ, ಅವ್ನು ನನ್ ಮುಖ ನೋಡಿ ನಾಚ್ಕೊಂಡ."

ದಕ್ಷಿಣ ಧ್ರುವವೂ ಹೋಯಿತು.

"ಕಾಂಗರೂ? ಮರೀನ ಹೊಟ್ಟೆ ಚೀಲದಲ್ಲಿಟ್ಕೊಂಡು ಕೆಲಸ ಮಾಡ್ಕೊಂಡಿರುತ್ತೆ ಕಣೇ. ಎಂಥ ಅದ್ಭುತ!"

"ಇಬ್ರು ಮಕ್ಕಳನ್ನ ಸೊಂಟದ ಮೇಲಿಟ್ಕೊಂಡು ಮಗ್ಗದೋರಿಗೆಲ್ಲ ಅಡುಗೆ ಮಾಡಿ ಬಡಿಸಿದೀನಿ. ಯಾವತ್ತಾದ್ರೂ ಅದ್ಭುತ ಅಂದ್ರಾ?"

ಇದಕ್ಕೆ ಉತ್ತರ ಕೊಡುವುದು ಅಪಾಯವೆಂದು ಮುನೀಂದ್ರ ತಾನಾಗಿಯೇ ಆಸ್ಟ್ರೇಲಿಯಾ ಖಂಡವನ್ನು ಹೊಡೆದುಹಾಕಿದ. ಉಳಿದದ್ದು ಉಗಾಂಡಾದ ಗೊರಿಲ್ಲಾ ಮತ್ತು ಕೀನ್ಯಾದ ಸಿಂಹ. ಗೊರಿಲ್ಲಾ ನೋಡಲು ಬೆಟ್ಟ ಹತ್ತಬೇಕು. "ಅದೇನ್ ಮಹಾ? ನಾಳೇನೇ ಮಾಕಳಿದುರ್ಗ ಹತ್ತಿ ತೋರಿಸ್ತೀನಿ" ಎಂದ ಮುನೀಂದ್ರ.

ಮರುದಿನ ಮುಂಜಾನೆ ಇಬ್ಬರೂ ಬೆಟ್ಟದ ಬುಡದಲ್ಲಿದ್ದರು. ಮುನೀಂದ್ರ ತಲೆಯಿಂದ ಕಾಲಿನವರೆಗೆ ಖಾಕಿ. ಕೊರಳಲ್ಲಿ ಹೊಸ ಬೈನಾಕ್ಯುಲರ್. ಪ್ರಮೋದಾ ಸೀರೆ, ಕ್ಯಾನ್ವಾಸ್ ಶೂ, ಬಗಲಲ್ಲಿ ಚಿತ್ರಾನ್ನದ ಚೀಲ.

"ಕಾಡಲ್ಲಿ ಮಾತಾಡ್ಬಾರ್ದು. ಉಸಿರೂ ಮೆಲ್ಲಗೆ ಬಿಡ್ಬೇಕು. ಪ್ರಾಣಿಗಳ ಕಿವಿ ಬಹಳ ಸೂಕ್ಷ್ಮ" ಎಂದು ಮುನೀಂದ್ರ ಕಾಲು ಗಂಟೆ ಗಟ್ಟಿಯಾಗಿ ಉಪನ್ಯಾಸ ಕೊಟ್ಟ. ಬಳಿಕ ಹತ್ತತೊಡಗಿದ. ಅರ್ಧ ಬೆಟ್ಟಕ್ಕೆ ಬರುವಷ್ಟರಲ್ಲಿ ಅವನ ಉಸಿರಾಟ ಕೆಳಗೆ ಹಾದುಹೋಗುತ್ತಿದ್ದ ರೈಲಿಗೆ ಸ್ಪರ್ಧೆ ಕೊಡುವಂತಿತ್ತು. ಅಷ್ಟರಲ್ಲಿ ಬಂಡೆಯ ಮೇಲೆ ಹಳದಿ ಮೈ, ಕಪ್ಪು ಚುಕ್ಕೆ!

"ಚಿರತೆ!" ಎಂದು ಕೂಗಿ ಮುನೀಂದ್ರ ಹೆಂಡತಿಯನ್ನು ಧೈರ್ಯವಾಗಿ ಮುಂದಕ್ಕೆ ತಳ್ಳಿದ.

ಚಿರತೆ ಎದ್ದು ಕೂತು, "ಏನಂಕಲ್, ಬೆಳಿಗ್ಗೆ ಬೆಳಿಗ್ಗೇನೇ ಟೆನ್ಶನ್ ಕೊಡ್ತೀರಾ?" ಎಂದಿತು. ಬೆಂಗಳೂರಿಂದ ಟ್ರೆಕಿಂಗ್‌ಗೆ ಬಂದು ಚುಕ್ಕೆಚುಕ್ಕೆಯ ಕಂಬಳಿ ಹೊದ್ದು ಮಲಗಿದ್ದ ಹುಡುಗಿ.

ಮಂಡಿ ಹಿಡಿದುಕೊಂಡು ಮುನೀಂದ್ರ ಅಲ್ಲೇ ಕುಳಿತ. ಪ್ರಮೋದಾ ಅವನ ಕೊರಳಿಂದ ಬೈನಾಕ್ಯುಲರ್ ಬಿಡಿಸಿಕೊಂಡು ಸುಮ್ಮನೆ ಅತ್ತಿತ್ತ ನೋಡಿದಳು. ಎದುರಿನ ಬಂಡೆಯ ಸಂದಿಯಲ್ಲಿ ದೊಡ್ಡ ಗೂಬೆಯೊಂದು ಕೂತಿತ್ತು. ಅದು ಅವಳನ್ನು ನೋಡಿತು, ಅವಳು ಅದನ್ನು ನೋಡಿದಳು. ಮನೆಯಲ್ಲಿ ಇಷ್ಟು ಹೊತ್ತು, ಇಷ್ಟು ಗಮನವಿಟ್ಟು ಅವಳನ್ನು ಯಾರೂ ನೋಡಿರಲಿಲ್ಲ. "ಅಯ್ಯೋ, ಎಷ್ಟ್ ಚೆನ್ನಾಗಿದೆ ರೀ!" ಎಂದವಳು ಇಳಿಯುವ ತನಕ ಬೈನಾಕ್ಯುಲರ್ ವಾಪಸ್ಸು ಕೊಡಲಿಲ್ಲ. ಸಂಜೆ ಅವಳೇ ಗೊರಿಲ್ಲಾಕ್ಕೆ ಗೀಟು ಎಳೆದು, "ಕೀನ್ಯಾ ಸಾಕು. ಅಲ್ಲಿ ಜೀಪಲ್ಲೇ ಕೂತು ನೋಡೋದಂತೆ. ಹೋಗೋಣ" ಎಂದಳು.

ಪ್ರಪಂಚ ಒಂದು ದೇಶಕ್ಕೆ ಇಳಿದರೂ ಮುನೀಂದ್ರ ಕುಗ್ಗಲಿಲ್ಲ. ಪ್ರವಾಸದ ಕಂಪನಿಯಲ್ಲಿ ಸೀಟು ಹಿಡಿದ. ಸುದ್ದಿಯನ್ನು ಪೇಟೆಯಲ್ಲೆಲ್ಲ ತಾನೇ ಹಬ್ಬಿಸಿದ. ನೇಕಾರ ಮಿತ್ರರು ಬಸ್‌ಸ್ಟ್ಯಾಂಡ್ ಬಳಿ ಅವನ ಫ್ಲೆಕ್ಸ್ ಕಟ್ಟಿಸಿದರು. ಅದರಲ್ಲಿ ಅವನ ಹಿಂದೆ ಸಿಂಹ, ಸಿಂಹಕ್ಕಿಂತ ದೊಡ್ಡದಾಗಿ ಅವನು. ಪೇಟ ಇಟ್ಟು, ಶಾಲು ಹೊದಿಸಿ ಸನ್ಮಾನವೂ ಆಯಿತು. "ಸಿಂಹ ಎದುರಿಗೆ ಬಂದರೂ ಒಂದು ಹೆಜ್ಜೆ ಹಿಂದೆ ಸರಿಯುವವನಲ್ಲ ಈ ಮುನೀಂದ್ರ!" ಎಂದು ಮೈಕಿನಲ್ಲಿ ಗರ್ಜಿಸಿದ.

ಚಪ್ಪಾಳೆಯ ಸದ್ದು ಅಡಗುವ ಮೊದಲೇ ಕಂಪನಿಯವರ ಫೋನ್ ಬಂತು. "ಸರ್, ಹಳದಿ ಜ್ವರದ ಲಸಿಕೆ ಹಾಕಿಸ್ಕೋಬೇಕು. ಇಲ್ಲಾಂದ್ರೆ ಹೋಗೋ ಹಾಗಿಲ್ಲ. ಚಿಕ್ಕ ಇಂಜೆಕ್ಷನ್ ಅಷ್ಟೇ."

ಮುನೀಂದ್ರನ ಮುಖವೇ ಹಳದಿಯಾಯಿತು.

ಹೆಂಡತಿಗೂ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಚಕ್ರವರ್ತಿಗೆ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಕೊರೊನಾ ಕಾಲದಲ್ಲಿ ಲಸಿಕೆಗೆ ಹೋದಾಗಲೆಲ್ಲ "ಕ್ಯೂ ಉದ್ದ ಇತ್ತು ಕಣೇ" ಎಂದು ವಾಪಸ್ಸು ಬಂದಿದ್ದ. ಕ್ಯೂ ನಿಜಕ್ಕೂ ಉದ್ದವಿದ್ದುದರಿಂದ ಎಲ್ಲರೂ ನಂಬಿದ್ದರು.

ಬೆಂಗಳೂರಿನ ಲಸಿಕೆ ಕೇಂದ್ರದಲ್ಲಿ ಕ್ಯೂ ಇರಲಿಲ್ಲ. ಅದೇ ದೊಡ್ಡ ತೊಂದರೆ. ಪ್ರಮೋದಾ ತೋಳು ಚಾಚಿ, ಬಳೆಗಾರನ ಮುಂದೆ ಕೂತಷ್ಟು ಸಲೀಸಾಗಿ ಚುಚ್ಚಿಸಿಕೊಂಡಳು. ನರ್ಸಮ್ಮ, "ಮುಂದಿನವರು ಬನ್ನಿ" ಎಂದರು.

"ಕಾರು ನೋ ಪಾರ್ಕಿಂಗ್‌ನಲ್ಲಿ ನಿಲ್ಲಿಸ್ಬಿಟ್ಟಿದೀನಿ. ಒಂದ್ನಿಮಿಷ, ಬಂದೆ" ಎಂದು ಹೊರಬಿದ್ದ ಮುನೀಂದ್ರ ಕಾರಿನ ಪಕ್ಕದಲ್ಲೇ ಓಡಿಹೋಗಿ ಸಿಕ್ಕಿದ ಬಸ್ಸು ಹತ್ತಿದ. ಗಾಬರಿಯಲ್ಲಿ ತನಗೆ ಕಾರಿರುವುದೇ ಮರೆತುಹೋಗಿತ್ತು. ಪ್ರಮೋದಾ ಇನ್ನೊಂದು ಬಸ್ಸಿನಲ್ಲಿ ಮನೆ ಸೇರುವಾಗ ಕಾರು ಬೆಂಗಳೂರಿನಲ್ಲಿತ್ತು, ಕೀ ದೊಡ್ಡಬಳ್ಳಾಪುರದಲ್ಲಿತ್ತು, ಯಜಮಾನ ಮಂಚದ ಮೇಲೆ ಮುಸುಕು ಹಾಕಿಕೊಂಡಿದ್ದ.

"ಏನ್ರೀ ಇದು ಅವತಾರ?"

ಮುಸುಕಿನೊಳಗಿಂದ ಸಣ್ಣ ದನಿ ಬಂತು. "ಸೂಜಿ ಅಂದ್ರೆ ನಂಗಾಗಲ್ಲ ಕಣೇ. ಯಾರಿಗೂ ಹೇಳ್ಬೇಡ."

ಪ್ರಮೋದಾಳಿಗೆ ನಗು ಬಂತು, ಪಾಪವೆನಿಸಿತು, ಆಮೇಲೆ ತನ್ನ ತೋಳು ನೋಯಿತು. ನೋವು ಗೆದ್ದಿತು. "ಯಾರ್ಗೂ ಹೇಳಲ್ಲ. ಆದ್ರೆ ಚುಚ್ಚಿಸ್ಕೊಂಡಿದ್ದು ವೇಸ್ಟ್ ಮಾಡಕ್ಕಾಗಲ್ಲ. ನಿಮ್ ಸೀಟಲ್ಲಿ ಮಮತನ್ನ ಕರ್ಕೊಂಡು ಹೋಗ್ತೀನಿ." ಮಮತ ಮುನೀಂದ್ರನ ತಂಗಿ, ದೇವನಹಳ್ಳಿಯಲ್ಲಿದ್ದಳು. ಅಣ್ಣನ ಮೇಲಿನ ಪ್ರೀತಿಯಿಂದ ಅವಳು ಮಾರನೆಯ ದಿನವೇ ಓಡಿಹೋಗಿ ಲಸಿಕೆ ಹಾಕಿಸಿಕೊಂಡಳು.

ನಾದಿನಿ ಅತ್ತಿಗೆ ಸಿಂಹ ನೋಡಿಬಂದರು. ಪ್ರಮೋದಾಳ ಫೋಟೋಗಳು ಊರಿನ ಫೋನುಗಳಲ್ಲೆಲ್ಲ ಓಡಾಡಿದವು. ಹೆಣ್ಣುಮಕ್ಕಳ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ಅನುಸೂಯಮ್ಮನವರು ಅವಳನ್ನು ಪೋಷಕರ ಸಭೆಗೆ ಮುಖ್ಯ ಅತಿಥಿಯಾಗಿ ಕರೆದರು. ಮುನೀಂದ್ರ ಮೊದಲ ಸಾಲಿನಲ್ಲಿ ಅವಳ ಹ್ಯಾಂಡ್‌ಬ್ಯಾಗ್ ಹಿಡಿದು ಕುಳಿತ. ಸಿಂಹಿಣಿಯೊಂದು ಜೀಪಿನ ನೆರಳಿನಲ್ಲೇ ಬಂದು ಮಲಗಿದ್ದನ್ನು ಅವಳು ಹೇಳುವಾಗ ಸಭೆಗೆ ಸಭೆಯೇ ಉಸಿರು ಹಿಡಿದಿತ್ತು. ಕೊನೆಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಸರ್ ಯಾಕೆ ಬರ್ಲಿಲ್ಲ?"

ಮುನೀಂದ್ರ ಹ್ಯಾಂಡ್‌ಬ್ಯಾಗನ್ನು ಎದೆಗೆ ಒತ್ತಿಕೊಂಡ.

ಪ್ರಮೋದಾ ಅವನತ್ತ ನೋಡಿ ನಕ್ಕಳು. "ಮಗ್ಗಕ್ಕೆ ಅರ್ಜೆಂಟ್ ಆರ್ಡರ್ ಬಂತು. ನಮ್ ಯಜಮಾನ್ರು ತಮ್ಮ ಸೀಟು ತಂಗಿಗೆ ಬಿಟ್ಕೊಟ್ರು. ಅವರು ಆಸೆ ಹುಟ್ಟಿಸ್ದೇ ಇದ್ದಿದ್ರೆ ನಾನು ಘಾಟಿ ದಾಟಿ ಹೋಗ್ತಿರಲಿಲ್ಲ. ಅವರಷ್ಟು ಧೈರ್ಯಸ್ಥರನ್ನ ನಾನು ನೋಡೇ ಇಲ್ಲ."

ಮುನೀಂದ್ರನ ಕಣ್ಣು ತುಂಬಿಬಂತು. ಎಂಥ ಹೆಂಡತಿ! ಎದ್ದು ನಿಂತು ಎಲ್ಲರಿಗೂ ಕೈಮುಗಿದ. ಚಪ್ಪಾಳೆ ಜೋರಾಯಿತು. ಅನುಸೂಯಮ್ಮನವರು ಮೈಕ್ ತೆಗೆದುಕೊಂಡರು.

"ಪಕ್ಕದ ಕೊಠಡಿಯಲ್ಲಿ ಇವತ್ತು ಪೋಷಕರಿಗಾಗಿ ರಕ್ತದಾನ ಶಿಬಿರ ಇಟ್ಟುಕೊಂಡಿದ್ದೇವೆ. ಪಾಪ, ಎಲ್ಲರೂ ಹೆದರುತ್ತಿದ್ದಾರೆ. ಇಂಥ ಧೈರ್ಯಸ್ಥರು ಸಿಕ್ಕಿದ್ದು ನಮ್ಮ ಪುಣ್ಯ. ಮುನೀಂದ್ರ ಅವರು ಮೊದಲು ರಕ್ತ ಕೊಟ್ಟು ಶಿಬಿರವನ್ನು ಉದ್ಘಾಟಿಸಬೇಕು!"

ಮಕ್ಕಳು ಎದ್ದು ಎರಡೂ ಕಡೆ ಸಾಲಾಗಿ ನಿಂತರು. ಬಾಗಿಲು ಮಕ್ಕಳಾಚೆ ಇತ್ತು. ಬಸ್ಸು ಇನ್ನೂ ಆಚೆ. ಮುನೀಂದ್ರನನ್ನು ಹೂವಿನ ಹಾರ ಸಮೇತ ಮಂಚದ ಮೇಲೆ ಮಲಗಿಸಿದರು. ಪ್ರಮೋದಾ ಅವನ ಕೈ ಹಿಡಿದು, ಕಿವಿಯ ಹತ್ತಿರ ಬಗ್ಗಿ, "ಕಣ್ಮುಚ್ಕೊಳ್ಳಿ. ನಾನಿದೀನಿ" ಎಂದಳು.

ತೋಳಿಗೆ ಏನೋ ತಣ್ಣಗೆ ತಾಕಿತು. ಮುನೀಂದ್ರನ ಕಣ್ಣಿಗೆ ಕತ್ತಲು ಕವಿಯಿತು.

ಕಣ್ಣು ಬಿಟ್ಟಾಗ ಯಾರೋ ಮುಖಕ್ಕೆ ಗಾಳಿ ಬೀಸುತ್ತಿದ್ದರು. ನೋವಿಲ್ಲ, ಉರಿಯಿಲ್ಲ. ಇಷ್ಟು ವರ್ಷ ಇಷ್ಟಕ್ಕೇ ಹೆದರಿದ್ದೆನೇ ಎಂದು ಅವನಿಗೆ ನಗು ಬಂತು, ತನ್ನ ಮೇಲೆ ಹೆಮ್ಮೆಯೂ ಬಂತು. ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳಿದ.

"ಮುಗೀತಲ್ಲ? ನೋಡಿದ್ರಾ, ಏನೂ ಆಗಲ್ಲ. ಇನ್ನೊಂದು ಬಾಟಲಿ ಬೇಕಾದ್ರೂ ತಗೊಳ್ಳಿ."

ಪ್ರಮೋದಾ ಅವನ ಹಣೆಯ ಬೆವರು ಒರೆಸಿದಳು.

"ಇನ್ನೂ ಪ್ಯಾಕೆಟ್ಟಿಂದ ಸೂಜೀನೇ ಹೊರಗೆ ತೆಗ್ದಿಲ್ಲ ರೀ. ಹತ್ತಿಯಲ್ಲಿ ಒರೆಸಿದಾರೆ, ಅಷ್ಟೇ."