ಗುರುವಾರ ಹತ್ತು ಗಂಟೆಯ ಪಾಳಿ

ಸಿಗ್ನೆ: ನನ್ನ ವರದಿಯ ತೀರ್ಮಾನಾನೇ ಅಳಿಸಿ ಹಾಕಿದ್ದೀರಲ್ಲ ಗುನ್ವೋರ್! ನೀವು ಮಾಡಿದ್ದು ಸರೀನಾ?

ಗುನ್ವೋರ್: ಮೊದಲು ಈ 'ನೀವು' ಬಿಡು. ನಾನೇನು ಅರಮನೆಯವಳಾ? 'ನೀನು' ಅನ್ನು, ಆಮೇಲೆ ಬೈ.

ಸಿಗ್ನೆ: ಸರಿ. ಯಾಕೆ ಅಳಿಸಿದೆ ನೀನು?

ಗುನ್ವೋರ್: ಮುಕ್ತ ಸಂಶೋಧನೆ, ಯಾರು ಬೇಕಾದ್ರೂ ತಿದ್ದಬಹುದು ಅಂದವಳು ಯಾರು? ತಿದ್ದಿದೆ.

ಮಾಲ್ಮೋದ ನಮ್ಮ ವಠಾರದ ನೆಲಮಾಳಿಗೆ, ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ. ಸಿಗ್ನೆ ವಿಶ್ವವಿದ್ಯಾಲಯದವಳು, ಒಗೆಯುವ ಪಾಳಿ ಮೊಬೈಲಿಗೆ ಹೋದ ಮೇಲೆ ನೆರೆಹೊರೆಯ ಒಡನಾಟ ಏನಾಯಿತೆಂದು ನಮ್ಮನ್ನೆಲ್ಲ ಕಟ್ಟಿಕೊಂಡು, ನಾವೂ ಮನೆಯಿಂದಲೇ ತಿದ್ದಬಹುದಾದ ಆನ್‌ಲೈನ್ ವರದಿ ಬರೆಯುತ್ತಿದ್ದಾಳೆ, ಪಾಪ. ಮೂರು ಗಂಟೆಗೆ ಅದನ್ನು ನಗರಸಭೆಗೆ ಒಪ್ಪಿಸಬೇಕು. ಒಪ್ಪಿಸಿದಳೋ, ಇನ್ನು ಮೊಬೈಲೇ ಸಾಕೆಂದು, ಪಾಳಿ ಹಿಡಿಯಲು ನಾವು ಪುಟ್ಟ ಬೀಗ ಸಿಕ್ಕಿಸುತ್ತಿದ್ದ ಗೋಡೆಯ ಹಲಗೆ ಗುಜರಿಗೆ. ಅದರಲ್ಲಿ ಗುನ್ವೋರಳ ಬೀಗ ಮೂವತ್ತು ವರ್ಷದಿಂದ ಗುರುವಾರ ಹತ್ತು ಗಂಟೆಯ ತೂತು ಬಿಟ್ಟು ಕದಲಿಲ್ಲ. ನಾನು ಮೂಲೆಯಲ್ಲಿ ಕಾಲುಚೀಲದ ಜೋಡಿ ಹುಡುಕುತ್ತಿದ್ದೆ. ಸಿಕ್ಕಿದ ಮೇಲೂ ಹುಡುಕುತ್ತಲೇ ಇದ್ದೆ.

ಸಿಗ್ನೆ: "ಮೊಬೈಲಿನಲ್ಲಿ ಪಾಳಿ ಹಿಡಿಯುವಂತಾದ ಮೇಲೆ ಜಗಳ ಪೂರ್ತಿ ನಿಂತಿದೆ" ಅಂತ ಬರೆದಿದ್ದೆ. ಈಗ ಏನಿದೆ ನೋಡು: "ಡ್ರೈಯರಿನ ಜಾಲರಿಯಲ್ಲಿ ಬಟ್ಟೆಯ ಜುಂಗು ಬಿಟ್ಟು ಹೋಗುವವರು: ನಾಲ್ಕನೇ ಮಹಡಿಯ ಬೆರ್ತಿಲ್."

ಗುನ್ವೋರ್: ಸುಳ್ಳಾ?

ಸಿಗ್ನೆ: ಸಂಶೋಧನೆ ಅಂದ್ರೆ ಸಾಕ್ಷ್ಯ ಬೇಕು!

ಗುನ್ವೋರ್ ಏಪ್ರನ್ನಿನ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದಳು. ಒಳಗೆ ಬೂದು ಬಣ್ಣದ ಜುಂಗಿನ ಉಂಡೆ.

ಗುನ್ವೋರ್: ತಗೋ. ಈ ಬಣ್ಣದ ಸ್ವೆಟರು ಅವನಿಗೆ ಬಿಟ್ರೆ ಯಾರಿಗಿದೆ?

ಸಿಗ್ನೆ: ಇದು ಯಾವಾಗಿನದು?

ಗುನ್ವೋರ್: ಹೋದ ವರ್ಷದ್ದು.

ಸಿಗ್ನೆ: ಇಷ್ಟು ದಿನ ಜೋಪಾನ ಮಾಡಿಟ್ಟಿದ್ದೀಯಾ? ಅಂದ್ರೆ ಈಗ ಜಗಳ ಇಲ್ಲ ತಾನೇ. ಒಳ್ಳೇದಲ್ವಾ?

ಗುನ್ವೋರ್: ಒಳ್ಳೇದಂತೆ, ಮಣ್ಣು! ಹನ್ನೊಂದು ವರ್ಷ ಅವನದು ನನ್ನ ನಂತರದ ಪಾಳಿ. ಐದು ನಿಮಿಷ ಮುಂಚೆ ಬಂದು ಬಾಗಿಲಲ್ಲಿ ನಿಂತು ಕೆಮ್ಮೋನು. ನಾನು ಚೀಟಿ ಅಂಟಿಸೋಳು, ಅವನು ಚೀಟಿಗೆ ಚೀಟಿ. ಒಂದ್ಸಲ ಚೀಟಿ ಜೊತೆ ದಾಲ್ಚಿನ್ನಿ ಬನ್ನೂ ಇಟ್ಟಿದ್ದ. ಈಗ ಆ ಮೊಬೈಲು ಅವನನ್ನ ಸೋಮವಾರಕ್ಕೆ ಎತ್ತಿ ಹಾಕಿದೆ. ನಾನು ಯಾರ ಹತ್ರ ಜಗಳ ಆಡ್ಲಿ, ಈ ಮಷೀನ್ ಹತ್ರಾನಾ?

ಅವಳು ಮಷೀನಿನ ಬಾಗಿಲನ್ನು ದಬ್ಬೆಂದು ಮುಚ್ಚಿದಳು. ಅಷ್ಟರಲ್ಲಿ ಮಷೀನಿನ ಮೇಲಿಟ್ಟಿದ್ದ ಸಿಗ್ನೆಯ ಲ್ಯಾಪ್‌ಟಾಪು 'ಟಿಂಗ್' ಎಂದಿತು.

ಸಿಗ್ನೆ: ಅಯ್ಯೋ, ಇನ್ಯಾರೋ ತಿದ್ದುತ್ತಿದ್ದಾರೆ! "ಜುಂಗು ನನ್ನದಲ್ಲ. ಗುರುವಾರ ಹತ್ತು ಗಂಟೆಯವರು ಸೋಪಿನ ಗೂಡು ಒರೆಸಿದ್ದನ್ನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ. ಇಂತಿ, ಬೆರ್ತಿಲ್."

ಗುನ್ವೋರ್: ಬಿಟ್ಟ! ಕಡೆಗೂ ಬಾಯಿ ಬಿಟ್ಟ! ಆಚೆ ಸರಿ, ನಾನು ಬರೀತೀನಿ.

ಸಿಗ್ನೆ: ಜಗಳ ನಿಂತಿದೆ ಅನ್ನೋ ವರದಿಯೊಳಗೇ ಜಗಳ ಆಡ್ತೀರಲ್ರೀ!

ಗುನ್ವೋರ್: ಅದನ್ನೇ ಬರಿ. ತೀರ್ಮಾನ ಸಿಕ್ತಲ್ಲ.

ಸಿಗ್ನೆ ತಲೆ ಕೆರೆದುಕೊಂಡಳು. ಗಡಿಯಾರ ನೋಡಿದಳು. ಆಮೇಲೆ ಟಕಟಕ ಬಡಿದಳು: "ಜಗಳವೂ ಒಡನಾಟವೇ. ಆದ್ದರಿಂದ ಹಲಗೆ ಗೋಡೆಯ ಮೇಲೇ ಇರತಕ್ಕದ್ದು."

ಸಿಗ್ನೆ: ಇನ್ನೊಂದು ವಿಷಯ. ತಿದ್ದಿದವರೆಲ್ಲ ಲೇಖಕರು ಅಂತ ನಮ್ಮ ನಿಯಮ. ನಿಮ್ಮಿಬ್ಬರ ಹೆಸರೂ ಮುಖಪುಟದಲ್ಲಿ ಬರುತ್ತೆ. ಅಕ್ಕಪಕ್ಕ.

ಗುನ್ವೋರಳ ಕಿವಿ ಕೆಂಪಾಯಿತು. ಕೂದಲು ಸರಿ ಮಾಡಿಕೊಂಡಳು.

ಗುನ್ವೋರ್: ಅಕ್ಕಪಕ್ಕ ಬೇಡ. ಅವನ ಹೆಸರು ನನ್ನ ಕೆಳಗೆ ಹಾಕು. ಅವನ ಪಾಳಿ ಯಾವತ್ತಿದ್ರೂ ನನ್ನ ನಂತರವೇ.